ನೈವೇದ್ಯದ ತಟ್ಟೆಯಲ್ಲಿ ಜಪಾನಿ ಚೀಲ

ನನ್ನ ಪತ್ನಿ ಯುಗಾದಿಯಿಂದ ಶ್ರಾವಣದವರೆಗೆ ಮೀನು ತಿಂದಿದ್ದಾಳೆಯೇ?

ಹೋದ ವಾರ ಪೂರ್ತಿ ನಾನು ಬಿಡಿಸಲು ಹೆಣಗಿದ ಸಂಶೋಧನಾ ಸಮಸ್ಯೆ ಇದು. ನಗಬೇಡಿ. ಸುಮಿತ್ರಾ ಧಾರವಾಡದ ಕಟ್ಟಾ ಸಸ್ಯಾಹಾರಿ ಮನೆತನದವಳು. ಕೇಕಿನಲ್ಲಿ ಮೊಟ್ಟೆ ಇದೆ ಎಂದು ತಿಳಿದರೆ ಕೇಕಿಗೆ ಬೆನ್ನು ಹಾಕಿ ಕೂರುವವಳು. ಸೂಪರ್‌ಮಾರ್ಕೆಟಿನಲ್ಲಿ ಮೀನಿನ ವಿಭಾಗ ಹತ್ತಿರವಾದರೆ ಸೆರಗನ್ನು ಮೂಗಿಗೆ ಹಿಡಿದು, ಟ್ರಾಲಿಯನ್ನು ನನಗೆ ಒಪ್ಪಿಸಿ, ಬ್ರೆಡ್ಡಿನ ಸಾಲಿಗೆ ಹೋಗಿ ನಿಲ್ಲುವವಳು. ಅಂಥವಳು, ತಿಳಿಯದೆ, ತಿಂಗಳುಗಟ್ಟಲೆ, ಅದೂ ಬಾಯಿ ಚಪ್ಪರಿಸಿಕೊಂಡು...

ಇರಲಿ. ಸಂಶೋಧಕನಾದವನು ಅವಸರದ ತೀರ್ಮಾನಕ್ಕೆ ಬರಬಾರದು. ಮೊದಲಿನಿಂದ ಹೇಳುತ್ತೇನೆ.

ಈ ಅಂಕಣದ ಓದುಗರಿಗೆ ತಿಳಿದೇ ಇದೆ: ನನ್ನ ವೃತ್ತಿಜೀವನವೆಲ್ಲ ಶಾಸನಗಳ ಕಾಲನಿರ್ಣಯದಲ್ಲಿ ಕಳೆಯಿತು. ಕಲ್ಲಿನ ಮೇಲೆ ವಾರ, ತಿಥಿ, ನಕ್ಷತ್ರಗಳನ್ನು ಕೆತ್ತಿದ್ದರೆ ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರಿಶೀಲಿಸದೆ ನಾನು ಊಟಕ್ಕೆ ಏಳುತ್ತಿರಲಿಲ್ಲ. ನಿವೃತ್ತಿಯ ನಂತರ ಮಗಳು ವೀಣಾಳ ಮನೆಗೆ, ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಆಲ್ಬನಿಗೆ, ಬಂದೆವು. ಇಲ್ಲಿ ಓದಲು ಶಾಸನಗಳಿಲ್ಲ. ಆದ್ದರಿಂದ ಹಾಲಿನ ಬಾಟಲಿಯ ತಾರೀಖು ಓದುತ್ತೇನೆ. (ಫ್ರಿಜ್ಜಿನ ಮೂಲೆಯಲ್ಲಿ ಅವಧಿ ಮೀರಿ ಅಡಗಿದ್ದ ಮೊಸರನ್ನು ಪತ್ತೆ ಮಾಡಿದವನು ನಾನೇ. ಅದಕ್ಕೆ ಮನೆಯಲ್ಲಿ ಯಾರೂ ಕೃತಜ್ಞತೆ ಸಲ್ಲಿಸಲಿಲ್ಲ.)

ನನಗೇನೋ ಓದಲು ಬಾಟಲಿಗಳಿದ್ದವು. ಸುಮಿತ್ರಾಗೆ? ಬಂದ ಹೊಸತರಲ್ಲಿ ಮಗಳು, ಅಳಿಯ ಕೆಲಸಕ್ಕೆ, ಮೊಮ್ಮಗಳು ಅನಘಾ ಶಾಲೆಗೆ ಹೋದ ಮೇಲೆ ಆಕೆ ಹಿತ್ತಲ ಡೆಕ್ಕಿನ, ಎಂದರೆ ಮರದ ಜಗಲಿಯ, ಮೇಲೆ ಕುರ್ಚಿ ಹಾಕಿಕೊಂಡು ಬೇಲಿ ನೋಡುತ್ತ ಕೂರುತ್ತಿದ್ದಳು. ಧಾರವಾಡದಲ್ಲಿ ತರಕಾರಿಯವಳೊಂದಿಗೆ ಒಂದು ಕಟ್ಟು ಮೆಂತ್ಯದ ನೆಪದಲ್ಲಿ ಊರ ಸುದ್ದಿಯನ್ನೆಲ್ಲ ಮುಗಿಸುತ್ತಿದ್ದ ಹೆಂಗಸು. ಇಲ್ಲಿ ಬೇಲಿ ಮಾತಾಡುತ್ತಿರಲಿಲ್ಲ.

ಒಂದು ದಿನ ಬೇಲಿ ಮಾತಾಡಿತು.

ಅತ್ತ ಕಡೆಯಿಂದ ಎರಡು ಕೈಗಳು ಮೇಲೆ ಬಂದವು. ಕೈಗಳಲ್ಲಿ ಕೆಂಪು ಮೆರುಗಿನ ಒಂದು ಮರದ ಡಬ್ಬಿ. ಡಬ್ಬಿಯ ಹಿಂದೆ ಬೆಳ್ಳಿಗೂದಲ ಒಂದು ತಲೆ. ಪಕ್ಕದ ಮನೆಯ ಮಿಚಿಕೋ. ಜಪಾನಿನವರು, ನಮ್ಮ ಹಾಗೆಯೇ ಗಂಡ ಹೆಂಡತಿ ಮಗನ ಬೆನ್ನು ಹತ್ತಿ ಇಲ್ಲಿಗೆ ಬಂದವರು. ಡಬ್ಬಿಯೊಳಗೆ ಸಾಲಾಗಿ ಮಲಗಿದ್ದವು ಪುಟ್ಟ ಪುಟ್ಟ ಕಂದು ಚೀಲಗಳು. ಸೋಯಾ ಹಾಲಿನ ಗಿಣ್ಣಿನಂಥ ತೋಫುವನ್ನು ತೆಳ್ಳಗೆ ಕೊಯ್ದು, ಎಣ್ಣೆಯಲ್ಲಿ ಕರಿದು, ಸಿಹಿ-ಉಪ್ಪಿನ ರಸದಲ್ಲಿ ಕುದಿಸಿ, ಚೀಲದ ಹಾಗೆ ಬಾಯಿ ಬಿಡಿಸಿ, ಒಳಗೆ ಹುಳಿ ಅನ್ನ ತುಂಬಿದ್ದು. ಹೆಸರು ಇನಾರಿ.

ಸುಮಿತ್ರಾ ಒಂದು ತಿಂದಳು. ಕಣ್ಣು ಮುಚ್ಚಿದಳು. ಇನ್ನೊಂದು ತಿಂದಳು.

ಮುಂದೆ ನಡೆದದ್ದು ಎರಡು ಸಂಪ್ರದಾಯಗಳ ಡಿಕ್ಕಿ. ನಮ್ಮ ಕಡೆ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಸುಮಿತ್ರಾ ಡಬ್ಬಿಯ ತುಂಬ ಶೇಂಗಾ ಹೋಳಿಗೆ ಇಟ್ಟು ಕಳಿಸಿದಳು. ಜಪಾನಿಯರಲ್ಲಿ ಪಡೆದ ಉಡುಗೊರೆಗೆ ಪ್ರತಿ ಉಡುಗೊರೆ ಕೊಡದೆ ಇರುವುದಿಲ್ಲ. ಮಿಚಿಕೋ ಮತ್ತೆ ಇನಾರಿ ಕಳಿಸಿದರು. ಇತ್ತಲಿಂದ ಕರದಂಟು. ಅತ್ತಲಿಂದ ಇನಾರಿ. ಇಬ್ಬರಲ್ಲಿ ಯಾರು ನಿಲ್ಲಿಸಬೇಕು? ಯಾರೂ ನಿಲ್ಲಿಸಲಿಲ್ಲ. ಡಬ್ಬಿ ಮಗ್ಗದ ಲಾಳಿಯ ಹಾಗೆ ಬೇಲಿಯ ಆಚೆ ಈಚೆ ಓಡಾಡಿತು. ಇಬ್ಬರ ಇಂಗ್ಲಿಷನ್ನು ಸೇರಿಸಿದರೂ ಒಂದು ಪುಟ ತುಂಬದು, ಆದರೂ ಸಂಜೆ ಎರಡು ತಾಸು ಹರಟೆ. ಸುಮಿತ್ರಾ ಅವರನ್ನು ಮಿಚಿಕೋಬಾಯಿ ಎಂದು ಕರೆಯತೊಡಗಿದಳು. ಮನೆಯಲ್ಲಿ ಮತ್ತೆ ಹಾಡು ಕೇಳಿಸತೊಡಗಿತು.

ಶ್ರಾವಣ ಬಂತು. ಶುಕ್ರವಾರ ಲಕ್ಷ್ಮಿಯನ್ನು ಕೂರಿಸಿ, ಮುತ್ತೈದೆಯರನ್ನು ಊಟಕ್ಕೆ ಕರೆದು, ಉಡಿ ತುಂಬುವ ಪದ್ಧತಿಯನ್ನು ಸುಮಿತ್ರಾ ಸಮುದ್ರ ದಾಟಿದರೂ ಬಿಟ್ಟಿಲ್ಲ. ಈ ಸಲ ಒಂದು ಹೊಸ ಯೋಜನೆ.

"ಏನ್ರೀ, ಈ ಸಲ ನೈವೇದ್ಯಕ್ಕ ಮಿಚಿಕೋಬಾಯಾರ ಚೀಲಾನೂ ಇಡೂಣು."

"ನೈವೇದ್ಯಕ್ಕ? ಇನಾರೀನ?"

"ಯಾಕ? ಅದು ಅವರ ಕಡೆ ದೇವರಿಗೆ ಇಡೂದಂತ. ಅಕ್ಕೀ ದೇವರು. ಅನಘಾನ ಹೇಳಿದ್ಲು. ಅಲ್ಲೀ ದೇವರಿಗೆ ಒಪ್ಪಿದ್ದು ಇಲ್ಲೀ ದೇವರಿಗೆ ಒಪ್ಪಂಗಿಲ್ಲೇನು? ಅವರ ಕೈಲೇ ಮಾಡ್ಸಿ, ಅವರನ್ನೂ ಕೂಡಿಸಿ, ಉಡೀ ತುಂಬತೀನಿ. ಎಲ್ಲಾರಿಗೂ ಹೇಳಿಬಿಟ್ಟೇನಿ."

ಎಲ್ಲಾರಿಗೂ ಎಂದರೆ ಆಕ್ಲೆಂಡಿನ ಉದ್ದಗಲಕ್ಕೂ ಹರಡಿರುವ ಆಕೆಯ ಹೊಸ ಗೆಳತಿಯರಿಗೆ. ನಗರದ ಇನ್ನೊಂದು ತುದಿಯ ಒನೆಹುಂಗಾದಿಂದಲೂ ಇಬ್ಬರು ಬರುವವರಿದ್ದರು. ಸುಮಿತ್ರಾಳ ಮುಖದಲ್ಲಿ ಅಂಥ ಹಿಗ್ಗನ್ನು ನಾನು ಮಗಳ ಮದುವೆಯ ನಂತರ ಕಂಡಿರಲಿಲ್ಲ.

ನಾನೂ ಹಿಗ್ಗಿದೆ. ಒಳ್ಳೆಯ ಅಂಕಣದ ವಸ್ತು ಎಂದುಕೊಂಡೆ. ಹಿಗ್ಗಿದವನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ವೃತ್ತಿಯಲ್ಲಿ ಕಲಿಸಿಲ್ಲ. ಇನಾರಿ ಎಷ್ಟು ಹಳೆಯದು, ದೇವರಿಗೂ ಕರಿದ ತೋಫುವಿಗೂ ಏನು ಸಂಬಂಧ ಎಂದು ತಿಳಿಯಲು ಲೈಬ್ರರಿಗೆ ಹೋಗಿ ಇಂಟರ್ನೆಟ್ ಮುಂದೆ ಕುಳಿತೆ. ಆ ದೇವರ ದೂತ ನರಿಯಂತೆ, ನರಿಗೆ ಕರಿದ ತೋಫು ಬಲು ಇಷ್ಟವಂತೆ. ಬಹಳ ಸೊಗಸಾಗಿದೆ ಎಂದು ತಲೆದೂಗುತ್ತ ಆ ಪುಟದಲ್ಲಿ ಕೆಳಗಿಳಿದೆ. ಅಲ್ಲಿ ಮಾಡುವ ವಿಧಾನವಿತ್ತು. ತೋಫು ಚೀಲ. ಸಕ್ಕರೆ. ಸೋಯಾ ಸಾಸ್. ದಾಶಿ.

ದಾಶಿ ಎಂದರೇನು? ಇನ್ನೊಂದು ಪುಟ ತೆರೆದೆ.

ಒಣ ಮೀನಿನ ಚೂರುಗಳನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಾರ.

ಪಕ್ಕದ ಕುರ್ಚಿಯ ನ್ಯೂಜಿಲೆಂಡಿನ ಯುವಕ "ಯೂ ಆಲ್ರೈಟ್, ಮೇಟ್?" ಎಂದು ಕೇಳಿದ.

ಸಂಶೋಧಕ ಒಂದು ಆಧಾರದ ಮೇಲೆ ನಿಲ್ಲುವುದಿಲ್ಲ. ಇನ್ನೂ ಕೆಲವು ಪುಟಗಳನ್ನು ತಾಳೆ ನೋಡಿದೆ. ಹಲವೆಡೆ ಮೀನು. ಒಂದೆರಡು ಕಡೆ ಮಾತ್ರ, ಬೇಕಾದರೆ ಅಣಬೆಯಿಂದಲೂ ಕಡಲ ಪಾಚಿಯಿಂದಲೂ ದಾಶಿ ಮಾಡಬಹುದೆಂಬ ಟಿಪ್ಪಣಿ. ಬೇಕಾದರೆ! ಮಿಚಿಕೋ ಅವರಿಗೆ ಬೇಕಾಗಿತ್ತೇ? ಸುಮಿತ್ರಾ ಮೀನು ತಿನ್ನುವುದಿಲ್ಲವೆಂದು ಅವರಿಗೆ ಗೊತ್ತಿತ್ತೇ? ಗೊತ್ತಿದ್ದರೆ, ಯಾವಾಗಿನಿಂದ?

ನೇರವಾಗಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಯಾರನ್ನು? ಸುಮಿತ್ರಾಳನ್ನು ಕೇಳಿದರೆ, ಉತ್ತರ ಏನೇ ಇರಲಿ, ಸಂಶಯ ಹುಟ್ಟುತ್ತದೆ. ಬೇಲಿಯ ಮೇಲಿನ ಡಬ್ಬಿ ಅಂದಿಗೇ ನಿಲ್ಲುತ್ತದೆ. ಆಕೆ ಮತ್ತೆ ಡೆಕ್ಕಿನ ಕುರ್ಚಿಗೆ ಹಿಂದಿರುಗುತ್ತಾಳೆ. ಮಿಚಿಕೋ ಅವರನ್ನು ಕೇಳೋಣವೆಂದರೆ, ಆ ಮಹಾತಾಯಿ ಕೆಲವು ತಿಂಗಳುಗಳಿಂದ ನನ್ನನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದರು. ಸುಮಿತ್ರಾಗೆ ಮುಗುಳ್ನಗೆ, ಅನಘಾಗೆ ಚಾಕಲೇಟು, ನನಗೆ ಮಾತ್ರ ಹುಬ್ಬುಗಂಟು. ಕಾರಣ ತಿಳಿದಿರಲಿಲ್ಲ.

ಹಾಗಾಗಿ ನನಗೆ ಗೊತ್ತಿರುವ ಕೆಲಸಕ್ಕೆ ಕೈಹಾಕಿದೆ: ಕಾಲನಿರ್ಣಯ.

ಮೊದಲ ಡಬ್ಬಿ ಬಂದದ್ದು ಯಾವಾಗ? ಅಳಿಯನ ಡಿಜಿಟಲ್ ಕ್ಯಾಮೆರಾದಲ್ಲಿ ಡಬ್ಬಿ ಹಿಡಿದ ಸುಮಿತ್ರಾಳ ಚಿತ್ರವಿದೆ. ಚಿತ್ರದ ಮೂಲೆಯಲ್ಲಿ ತಾರೀಖೂ ಇದೆ, ಆದರೆ ಅದರ ಪ್ರಕಾರ ಆಗ ನಾವಿನ್ನೂ ಧಾರವಾಡದಲ್ಲಿದ್ದೆವು. (ಕ್ಯಾಮೆರಾಕ್ಕೆ ಯಾರೂ ತಾರೀಖು ಹೊಂದಿಸಿರಲಿಲ್ಲ. ಇಂಥ ಮನೆಯಲ್ಲಿ ನಾನು ವಾಸಿಸುತ್ತಿದ್ದೇನೆ.) ಕೂಟ ಶಾಸನ, ಎಂದರೆ ನಕಲಿ, ಎಂದು ಅದನ್ನು ತಳ್ಳಿಹಾಕಿ ಒಳಗಿನ ಸಾಕ್ಷ್ಯ ಹುಡುಕಿದೆ. ಬಾಗಿಲಿಗೆ ತೋರಣ. ಮಾವಿನೆಲೆ ಸಿಗದೆ ಹಿತ್ತಲ ನಿಂಬೆಯ ಎಲೆ ಪೋಣಿಸಿದ್ದು, ಇನ್ನೂ ಹಸಿರು. ಗೋಡೆಯ ಗಡಿಯಾರ ಓವನ್ನಿನ ಗಡಿಯಾರಕ್ಕಿಂತ ಒಂದು ತಾಸು ಮುಂದೆ! ಅಂದರೆ ಇಲ್ಲಿಯವರು ಬೇಸಿಗೆಗೆಂದು ಒಂದು ತಾಸು ಮುಂದಿಟ್ಟ ಗಡಿಯಾರಗಳನ್ನು ಮತ್ತೆ ಹಿಂದಿಡುವ ಭಾನುವಾರದ ಆಸುಪಾಸು; ಗೋಡೆಯದನ್ನು ಇನ್ನೂ ಹಿಂದಿಟ್ಟಿಲ್ಲ. ಈ ವರ್ಷ ಆ ಭಾನುವಾರವೂ ಯುಗಾದಿಯೂ ಅಕ್ಕಪಕ್ಕದಲ್ಲೇ ಬಂದಿದ್ದವು. (ಪಂಚಾಂಗ ನೋಡಿಯೇ ಬರೆಯುತ್ತಿದ್ದೇನೆ.) ಎರಡು ಸ್ವತಂತ್ರ ಸಾಕ್ಷ್ಯಗಳು ಒಂದೇ ಕಡೆ ಬೆರಳು ತೋರಿಸಿದವು. ಕುಣಿಯಬೇಕೆನ್ನಿಸಿತು. ಏಕೆ ಹುಡುಕುತ್ತಿದ್ದೇನೆಂಬುದು ನೆನಪಾಗಿ ಕುಳಿತೆ.

ಇನ್ನು ಎರಡನೆಯ ಪ್ರಶ್ನೆ.

"ಸುಮಿತ್ರಾ, ನೀ ಮೀನಾ ತಿನ್ನಂಗಿಲ್ಲ ಅಂತ ಮಿಚಿಕೋ ಅವರಿಗೆ ಹೇಳಿಯೇನು?" ಪೇಪರ್ ಓದುತ್ತಿದ್ದವನಂತೆ ನಟಿಸಿ ಕೇಳಿದೆ.

"ಅಯ್ಯ, ಆವಾಗ್ಲೇ ಹೇಳೇನಿ."

"ಆವಾಗ ಅಂದ್ರ ಯಾವಾಗ?"

"ಥಂಡಿ ಶುರು ಆತಲ್ಲಾ, ಆವಾಗ. ನಾ ಆ ನೀಲಿ ಸ್ವೆಟರ್ ಹಾಕ್ಕೊಂಡಿದ್ದೆ."

ನೀಲಿ ಸ್ವೆಟರ್! ಇಲ್ಲಿ ಚಳಿಗಾಲ ಜೂನಿಗೆ; ಅದನ್ನು ವೀಣಾ ಕೊಡಿಸಿದ್ದು ಯುಗಾದಿ ಕಳೆದು ಬಹಳ ದಿನಗಳಾದ ಮೇಲೆ. ಅಂದರೆ ಯುಗಾದಿಗೂ ಸ್ವೆಟರಿಗೂ ನಡುವಿನ ಡಬ್ಬಿಗಳೆಲ್ಲ ಸಂಶಯಾಸ್ಪದ.

"ಹೆಂಗ ಹೇಳಿದಿ? ಆಕಿಗೆ ತಿಳೀತೇನು?"

"ತಿಳೀಲಾರದೇನು? ನೋಡ್ರಿಲ್ಲೆ." ಸುಮಿತ್ರಾ ಬಲಗೈಯನ್ನು ಮೀನಿನ ಹಾಗೆ ಬಳುಕಿಸುತ್ತ ಬಾಯಿಯ ತನಕ ತಂದಳು. ಆಮೇಲೆ ಎರಡೂ ಗಲ್ಲಗಳನ್ನು ಪಟಪಟ ಬಡಿದುಕೊಂಡಳು. "ರಾಮ ರಾಮಾ, ತಪ್ಪು ತಪ್ಪು ಅಂದೆ. ಕೂಸಿಗೂ ತಿಳೀತದ."

ಮೇಜಿನ ಬಳಿ ಹೋಂವರ್ಕ್ ಮಾಡುತ್ತಿದ್ದ ಅನಘಾ ಪೆನ್ಸಿಲು ಕೆಳಗಿಟ್ಟಳು. ನನ್ನ ತೋಳು ಹಿಡಿದು ಬಟ್ಟೆ ಒಗೆಯುವ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಅಜ್ಜಾ. ದಿಸ್ ಈಸ್ ಬ್ಯಾಡ್."

"ಏನಾತು?"

"ನಮ್ ಸ್ಕೂಲಲ್ಲಿ ಜಪಾನೀಸ್ ಕ್ಲಾಸ್ ಇದೆಯಲ್ಲ. ಟೀಚರ್ ಡಸ್ ದಟ್ ಆಲ್ ದ ಟೈಮ್." ಅವಳು ತನ್ನ ಗಲ್ಲ ತಟ್ಟಿಕೊಂಡಳು. "ಇಟ್ ಮೀನ್ಸ್ ಡಿಲಿಷಸ್. ಸೋ ಯಮ್ಮಿ ಯುವರ್ ಚೀಕ್ಸ್ ವಿಲ್ ಫಾಲ್ ಆಫ್."

ವಾಷಿಂಗ್ ಮಷೀನಿಗೆ ಒರಗಿ ನಿಂತೆ. ನಮ್ಮ ಕಡೆ ದೇವರ ಮುಂದೆ ತಪ್ಪೊಪ್ಪಿಕೊಳ್ಳುವ ಗಲ್ಲ. ಅವರ ಕಡೆ ರುಚಿಗೆ ಕರಗಿ ಬೀಳುವ ಗಲ್ಲ. ಹಾಗಾದರೆ ನೀಲಿ ಸ್ವೆಟರಿನ ದಿನ ಬೇಲಿಯ ಬಳಿ ನಿಂತು ನನ್ನ ಧರ್ಮಪತ್ನಿ ಘೋಷಿಸಿದ್ದು: ಮೀನು! ಆಹಾ! ಆಹಾ!

ಶುಕ್ರವಾರ ಎದುರಿಗಿತ್ತು. ಮೀನಿನ ಸಾರದಲ್ಲಿ ಮಿಂದ ಚೀಲಗಳು ಲಕ್ಷ್ಮಿಯ ಮುಂದೆ. ಗೆಳತಿಯರೆಲ್ಲ ಸಾಕ್ಷಿ.

ಒಂದೇ ದಾರಿ ಹೊಳೆಯಿತು. ಇನಾರಿಯನ್ನು ಮನೆಯಲ್ಲೇ ಮಾಡುವುದು. ನಾನೇ ಮಾಡುವುದು. ಅದು ಸುಮಿತ್ರಾಗೆ ಹಿಡಿಸಿದರೆ, "ನೈವೇದ್ಯದ್ದು ನಮ್ಮ ಮನ್ಯಾಗ ಮಡಿಯಿಂದನ ಆಗ್ಲಿ" ಎಂದು ಒಂದು ಮಾತು ಹೇಳಿದರಾಯಿತು. ಯಾರ ಮನಸ್ಸೂ ನೋಯದು.

ನಾನು ಅಡುಗೆಮನೆಯಲ್ಲಿ ಅದುವರೆಗೆ ಮಾಡಿದ ಅತ್ಯಂತ ಕ್ಲಿಷ್ಟ ಪದಾರ್ಥ ಚಹಾ.

ಬಸ್ಸುಗಳಿಗೆಂದೇ ಆದ ಹೊಸ ಬಸ್‌ವೇಯಲ್ಲಿ ಸಿಟಿಗೆ ಹೋಗಿ ಒಂದು ಜಪಾನಿ ಅಂಗಡಿ ಹುಡುಕಿದೆ. ಕರಿದ ತೋಫು ಚೀಲಗಳ ಪ್ಯಾಕೆಟ್ ಸಿಕ್ಕಿತು. ಪ್ಯಾಕೆಟ್ಟಿನ ತುಂಬ ಜಪಾನಿ ಲಿಪಿ. ನನಗೆ ಓದಲು ಬಂದದ್ದು ಅಂಕೆಗಳು ಮಾತ್ರ: ಮೂರು ಜೋಡಿ. ಮೊದಲ ಜೋಡಿ ಇಪ್ಪತ್ತು. ಇದು ದಿನವೇ? ಮಾಸವಂತೂ ಅಲ್ಲ. ವರ್ಷವೇ?

ಕೌಂಟರಿನ ಹುಡುಗಿ "ಇಯರ್" ಎಂದಳು.

"ಎರಡು ಸಾವಿರದ ಇಪ್ಪತ್ತು? ಹನ್ನೆರಡು ವರ್ಷ ಕೆಡುವುದಿಲ್ಲವೇ?" ಎಂದು ಇಂಗ್ಲಿಷಿನಲ್ಲಿ ಬೆಚ್ಚಿ ಕೇಳಿದೆ.

"ನೋ ನೋ. ಎಂಪರರ್ ಇಯರ್. ಎಂಪರರ್ ಟ್ವೆಂಟಿ."

ಓದುಗರೇ, ಆ ಕ್ಷಣವನ್ನು ಹೇಗೆ ವರ್ಣಿಸಲಿ? ಚಕ್ರವರ್ತಿ ಸಿಂಹಾಸನವೇರಿದ ವರ್ಷವನ್ನು ಒಂದೆಂದು ಎಣಿಸಿ, ವಿಜಯರಾಜ್ಯದ ಇಪ್ಪತ್ತನೆಯ ವರ್ಷ! ರಾಜನ ಆಳ್ವಿಕೆಯ ವರ್ಷದಲ್ಲಿ ಕಾಲ ಹೇಳುವ ಪದ್ಧತಿ ಕಲ್ಲುಗಳಲ್ಲೇ ಮುಗಿಯಿತೆಂದು ತಿಳಿದಿದ್ದೆ. ಅದು ಆಕ್ಲೆಂಡಿನ ಒಂದು ಫ್ರೀಜರಿನಲ್ಲಿ, ತೋಫುವಿನ ಬೆನ್ನ ಮೇಲೆ, ಜೀವಂತವಾಗಿತ್ತು! ಎಣಿಕೆ ಮುಗಿದ ವರ್ಷಗಳದ್ದೋ ನಡೆಯುವ ವರ್ಷವೂ ಸೇರಿಯೋ ಎಂದು ಹುಡುಗಿಯನ್ನು ಕೇಳಿದೆ. ಅವಳು ಮ್ಯಾನೇಜರನನ್ನು ಕರೆಯಲು ಹೊರಟಳು. ಬೇಡವೆಂದು ತಡೆದು, ಬೆರಳೆಣಿಸಿ, ಈ ಎರಡು ಸಾವಿರದ ಎಂಟಕ್ಕೆ ಸರಿಯಾಗಿ ಹೊಂದುವುದನ್ನು ಖಚಿತಪಡಿಸಿಕೊಂಡೆ. ಪ್ಯಾಕೆಟ್ಟನ್ನು ಎದೆಗೊತ್ತಿಕೊಂಡೇ ಬಸ್ಸು ಹತ್ತಿದೆ. (ಅದು ಹಿಮಗಟ್ಟಿತ್ತೆಂಬುದು ಅಂಗಿ ಒದ್ದೆಯಾದಾಗ ತಿಳಿಯಿತು.)

ಭಾನುವಾರ ಸುಮಿತ್ರಾ, ವೀಣಾ, ಅಳಿಯ ಹಬ್ಬದ ತರಕಾರಿ ತರಲು ನಗರದಾಚೆಯ ಪುಕೆಕೊಹೆಗೆ ಹೊರಟರು. ಹೊಲದ ಬದಿಯ ಮಳಿಗೆಗಳಲ್ಲಿ ಸೊಪ್ಪು ತಾಜಾ ಸಿಗುತ್ತದೆ, ಸುಮಿತ್ರಾಗೆ ಆರಿಸಲು ಅರ್ಧ ದಿನ ಬೇಕು. ಕಾರು ತಿರುವು ದಾಟುತ್ತಲೇ ನಾನು ಮತ್ತು ಅನಘಾ ಅಡುಗೆಮನೆ ವಶಪಡಿಸಿಕೊಂಡೆವು.

ಮೊದಲ ವಿಧಿ: ಚೀಲಗಳ ಮೇಲೆ ಕುದಿಯುವ ನೀರು ಸುರಿದು ಎಣ್ಣೆ ತೊಳೆಯಬೇಕು. ಕರಿದದ್ದರ ಎಣ್ಣೆ ತೊಳೆಯುವುದೇ? ನಮ್ಮ ಜಿಲ್ಲೆಯಲ್ಲಿ ಎಣ್ಣೆ ತೇಲದಿದ್ದರೆ ಅದು ಎಣ್ಣೆಗಾಯಿಯೇ ಅಲ್ಲ. ಆದರೂ ಸುರಿದೆ. ಎರಡನೆಯ ವಿಧಿ: ಚೀಲದ ಮೇಲೆ ಊಟದ ಕಡ್ಡಿಯನ್ನು ಉರುಳಿಸಿ ಒಳಪದರು ಬಿಡಿಸಬೇಕು. ಕಡ್ಡಿ ಇರಲಿಲ್ಲ. ಲಟ್ಟಣಿಗೆ ಇತ್ತು. ಲಟ್ಟಿಸಿದೆ.

"ಅಜ್ಜಾ, ಜೆಂಟ್ಲಿ! ಯೂ ಆರ್ ನಾಟ್ ಮೇಕಿಂಗ್ ಚಪಾತಿ!"

ಮೂರು ಚೀಲ ಚಪಾತಿಯಾದ ಮೇಲೆ ಕೈ ಹದಕ್ಕೆ ಬಂತು. ಉಳಿದವನ್ನು ಅರ್ಧಕ್ಕೆ ಕೊಯ್ದು ಬಾಯಿ ಬಿಡಿಸಿದೆವು. ಬೆರಳು ತೂರಿಸಿ ನೋಡಿದರೆ, ಆಹಾ, ಪುಟ್ಟ ದಿಂಬಿನ ಗವಸು! ಅನಘಾ ಐದೂ ಬೆರಳಿಗೆ ಒಂದೊಂದು ತೊಡಿಸಿಕೊಂಡು ಬೊಂಬೆಯಾಟ ಆಡಿಸಿದಳು. ನಾನೂ ಒಂದೆರಡು ತೊಟ್ಟುಕೊಂಡೆನೆಂಬುದನ್ನು ಸತ್ಯನಿಷ್ಠೆಯಿಂದ ದಾಖಲಿಸುತ್ತೇನೆ. ಸಕ್ಕರೆ, ಸೋಯಾ ಸಾಸ್, ಬರಿ ನೀರು ಸೇರಿಸಿ ಕುದಿಸಿದೆವು. ಮನೆಯಲ್ಲಿ ಇದ್ದದ್ದು ಸೋನಾ ಮಸೂರಿ. ವಿನೆಗರ್, ಉಪ್ಪು, ಸಕ್ಕರೆ ಕಲಸಿದರೂ ಅಗುಳುಗಳು ಒಂದಕ್ಕೊಂದು ಅಂಟಲೊಲ್ಲವು. ತುಂಬಿದ ಅನ್ನ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉದುರಿತು. ಕೊನೆಗೆ ಅನ್ನವನ್ನು ಮೊಸರನ್ನಕ್ಕೆ ಹಿಸುಕುವ ಹಾಗೆ ಹಿಸುಕಿ ತುಂಬಿದೆ.

ಸಂಜೆ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಇಟ್ಟೆ. ಸೊಪ್ಪಿನ ಚೀಲ ಹೊತ್ತು ಬಂದ ಸುಮಿತ್ರಾ ಹೊಸ್ತಿಲಲ್ಲೇ ನಿಂತಳು.

"ಇದೇನ್ರೀ! ನೀವು ಮಾಡೀರಿ? ನೀವು?"

"ಅನಘಾನೂ ಕೂಡಿ."

ತಿಂದಳು. ಅಗಿದಳು. ನಾನು ಪಿಎಚ್‌ಡಿ ಮೌಖಿಕ ಪರೀಕ್ಷೆಯಲ್ಲೂ ಅಷ್ಟು ಬೆವರಿರಲಿಲ್ಲ.

"ಛಲೋ ಆಗ್ಯಾವ," ಎಂದಳು. ನನ್ನ ಎದೆ ಉಬ್ಬಿತು. "ಆದ್ರ ಮಿಚಿಕೋಬಾಯಾರದರಾಗ ಏನೋ ಒಂದು ಇರ್ತದ ನೋಡ್ರಿ. ಘಮಾ. ನಾಲಿಗಿ ಮ್ಯಾಲೆ ಉಳೀತದ. ಇದರಾಗ ಅದಿಲ್ಲ. ಇರ್ಲಿ ಬಿಡ್ರಿ, ಗಣಮಕ್ಕಳು ಮಾಡಿದ್ದು."

ಏನೋ ಒಂದು!

ನಾನೂ ಅನಘಾಳೂ ಪರಸ್ಪರ ನೋಡಿದೆವು. ಮೊಮ್ಮಗಳು ಮೆಲ್ಲಗೆ ಕೈಯನ್ನು ಮೀನಿನ ಹಾಗೆ ಬಳುಕಿಸಿದಳು.

ಗುರುವಾರ ಬೆಳಗ್ಗೆ ಬೇಲಿಯ ಮೇಲೆ ಮಿಚಿಕೋ ಅವರ ತಲೆ ಕಾಣಿಸಿತು. "ಸುಮಿತ್ರಾ-ಸಾನ್! ಟುಡೇ ಕುಕ್. ಟುಮಾರೋ ಗಾಡೆಸ್. ಕಮ್, ಕಮ್." ಅಂದು ಶಿಕ್ಷಕರ ತರಬೇತಿಯೆಂದು ಅನಘಾಗೂ ಶಾಲೆ ಇರಲಿಲ್ಲ. ಸುಮಿತ್ರಾ ಮಿಂದು, ಒಗೆದ ಸೀರೆಯುಟ್ಟು ಹೊರಟಳು. ಬೆನ್ನಿಗೆ ನಾವಿಬ್ಬರೂ ಹೊರಟೆವು. ಮಿಚಿಕೋ ನನ್ನತ್ತ ಎಂದಿನ ಹುಬ್ಬುಗಂಟು ಎಸೆದು ಒಳಗೆ ಬಿಟ್ಟರು.

ಅಡುಗೆಮನೆ ದೇವರಮನೆಯಷ್ಟು ಚೊಕ್ಕಟ. ಕಾಲ ಬಳಿ ಒಂದು ದಪ್ಪ ಬಿಳಿ ಬೆಕ್ಕು. ಮಿಚಿಕೋ ಕಪಾಟು ತೆರೆದು ಒಂದು ಪ್ಯಾಕೆಟ್ ತೆಗೆದರು. ಪ್ಯಾಕೆಟ್ಟಿನ ಮೇಲೆ ದೊಡ್ಡದೊಂದು ಮೀನಿನ ಚಿತ್ರ.

ಮುಗಿಯಿತು ಎಂದುಕೊಂಡೆ. ಸುಮಿತ್ರಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು, ಇನ್ನೂ ನೋಡಿರಲಿಲ್ಲ. ಮಿಚಿಕೋ ಪ್ಯಾಕೆಟ್ ಬಿಚ್ಚಿದರು. ಒಣ ಮೀನಿನ ಚೂರುಗಳನ್ನು ಬೊಗಸೆಗೆ ಹಾಕಿಕೊಂಡರು. ಬಾಗಿದರು. ಬೆಕ್ಕಿನ ಬಟ್ಟಲಿಗೆ ಸುರಿದರು.

ಕೈಯನ್ನು ಸೋಪು ಹಚ್ಚಿ ತಿಕ್ಕಿ ತಿಕ್ಕಿ ತೊಳೆದುಕೊಂಡರು. ಆಮೇಲೆ ಫ್ರಿಜ್ಜಿನಿಂದ ಒಂದು ಗಾಜಿನ ಭರಣಿ ತಂದಿಟ್ಟರು. ಕಂದು ನೀರು, ಅದರಲ್ಲಿ ನೆನೆದು ಊದಿದ ಒಣ ಅಣಬೆಗಳು, ಅಗಲ ಪಟ್ಟಿಯಂಥ ಕಪ್ಪು ಕಡಲ ಪಾಚಿ.

"ನೋ ಫಿಶ್?" ಎಂದು ಭರಣಿಯೊಳಗೆ ಇಣುಕಿದೆ.

"ಫಾರ್ ಸುಮಿತ್ರಾ-ಸಾನ್? ನೆವರ್."

ಇಷ್ಟಕ್ಕೆ ಬಿಡಬೇಕಿತ್ತು. ಬಿಡುವುದು ಹೇಗೆ? "ಮೊದಲ ಡಬ್ಬಿ? ಫಸ್ಟ್ ಬಾಕ್ಸ್?"

"ಫಸ್ಟ್ ಬಾಕ್ಸ್ ಆಲ್ಸೋ. ಐ ಆಸ್ಕ್ ಡೇರಿ."

ಮೂಲೆಯಲ್ಲೊಂದು ಡೇರಿ ಇದೆ. ಹಾಲು, ಬ್ರೆಡ್ಡು, ಪೇಪರು ಮಾರುವ ಚಿಕ್ಕ ಅಂಗಡಿ. ನಡೆಸುವವರು ಗುಜರಾತಿನ ಅಂಕಲ್. ಮಿಚಿಕೋ ತಮ್ಮ ತುಂಡು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಜೋಡಿಸಿದರೆ ಹೀಗಾಗುತ್ತದೆ: ಪಕ್ಕದ ಮನೆಗೆ ಹೊಸಬರು ಬಂದಿದ್ದಾರೆ, ಉದ್ದ ಸೀರೆಯ ಹೆಂಗಸು, ದಿನವೂ ಒಬ್ಬಳೇ ಕುರ್ಚಿಯಲ್ಲಿ ಕೂರುತ್ತಾಳೆ, ಬಹಳ ಬೇಸರದಲ್ಲಿದ್ದಾಳೆ, ಏನು ಕೊಟ್ಟರೆ ತಿಂದಾಳು? ಮಾಂಸ ಬೇಡ, ಮೊಟ್ಟೆ ಬೇಡ, ಮೀನಂತೂ ಬೇಡವೇ ಬೇಡ ಎಂದರಂತೆ ಅಂಕಲ್. ಅಂದೇ ರಾತ್ರಿ ಅಣಬೆ ನೆನೆಹಾಕಿದರಂತೆ.

ಕೊಟ್ಟದ್ದನ್ನು ತಿಂದ ಮೇಲೆ ತನಿಖೆಗೆ ಇಳಿಯುವುದು ನನ್ನ ಸಂಶೋಧನೆ. ಕೊಡುವ ಮೊದಲೇ ವಿಚಾರ ಮಾಡುವುದು ಅವರದು. ಯಾವುದು ಹೆಚ್ಚಿನ ಪಾಂಡಿತ್ಯ?

ನಾನು ಎರಡೂ ಕೈ ಜೋಡಿಸಿದೆ. ಮಿಚಿಕೋ ಕರಗಲಿಲ್ಲ. ಬೆರಳನ್ನು ನೇರ ನನ್ನ ಮೂಗಿಗೆ ತೋರಿಸಿದರು.

"ಬಟ್ ಯೂ! ಸುಮಿತ್ರಾ-ಸಾನ್ ಲವ್ ಫಿಶ್. ಯೂ ಸೇ ನೋ. ಆಲ್ ಹರ್ ಲೈಫ್, ನೋ ಫಿಶ್. ನಾಟ್ ಕೈಂಡ್!"

ಹುಬ್ಬುಗಂಟಿನ ಕಾಲನಿರ್ಣಯವೂ ಆಯಿತು. ನೀಲಿ ಸ್ವೆಟರಿನ ದಿನದಿಂದ!

"ಏನಂತಾರ್ರೀ ಅವರು? ಯಾಕ ಸಿಟ್ಟಿಗೆದ್ದಾರ?" ಸುಮಿತ್ರಾ ನನ್ನನ್ನೂ ಅವರನ್ನೂ ನೋಡಿದಳು.

ಅನಘಾ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು. ಅಜ್ಜಿಗೆ ಕನ್ನಡದಲ್ಲಿ, ಮಿಚಿಕೋಗೆ ಶಾಲೆಯ ಜಪಾನಿಯಲ್ಲಿ, ನಡುವೆ ಇಂಗ್ಲಿಷಿನಲ್ಲಿ, ಗಲ್ಲ ಬಡಿದು ಬಡಿದು. (ಮನೆಯಲ್ಲಿ ಬಾಯಿ ತೆರೆದರೆ ಇಂಗ್ಲಿಷ್ ಆಡುವ ಹುಡುಗಿ ಅಷ್ಟು ಕನ್ನಡವನ್ನು ಎಲ್ಲಿ ಬಚ್ಚಿಟ್ಟಿದ್ದಳೋ!) ಮೊದಲು ಮಿಚಿಕೋ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಸುಮಿತ್ರಾ ಅಡುಗೆ ಕಟ್ಟೆ ಹಿಡಿದುಕೊಂಡಳು. ಇಬ್ಬರೂ ಒಬ್ಬರ ಗಲ್ಲವನ್ನು ಒಬ್ಬರು ತಟ್ಟುತ್ತ, ನಗುತ್ತ, ಕಣ್ಣೊರೆಸಿಕೊಳ್ಳುತ್ತ ನೆಲದ ಮೇಲೇ ಕುಳಿತುಬಿಟ್ಟರು. ಬೆಕ್ಕು ಬಟ್ಟಲು ಬಿಟ್ಟು ಓಡಿತು.

ನಗು ನಿಂತ ಮೇಲೆ ಸುಮಿತ್ರಾ ನನ್ನ ಕಡೆ ತಿರುಗಿದಳು. "ಅಂದ್ರ ವಾರದಿಂದ ಇದನ್ನ ತಲ್ಯಾಗ ಇಟ್ಕೊಂಡು ತಿರಗ್ಯಾಡಿದ್ರಿ? ನನ್ನ ಕೇಳಬಾರದಾಗಿತ್ತೇನು?"

"ಕೇಳಿದ್ರ ಮತ್ತ ನೀ ಈ ಮನೀ ಹೊಸ್ತಿಲಾ ತುಳೀತಿದ್ದಿಲ್ಲ."

"ಯಾರಂದ್ರು? ತುಳೀತಿದ್ದೆ. ತಲೀ ಮ್ಯಾಲೆ ಜಳಕಾ ಮಾಡಿ ತುಳೀತಿದ್ದೆ."

ನಾಲ್ಕು ದಶಕಗಳ ದಾಂಪತ್ಯ. ಈ ಆಕರಗ್ರಂಥವನ್ನು ನಾನು ಸರಿಯಾಗಿ ಓದಿಲ್ಲವೆಂದು ಆಗ ತಿಳಿಯಿತು.

ಆದರೆ ಒಂದು ಪ್ರಶ್ನೆ ಉಳಿಯಿತಲ್ಲ? ಮೀನಲ್ಲವಾದರೆ, ನನ್ನ ಇನಾರಿಯಲ್ಲಿ ಇರದಿದ್ದ ಆ "ಏನೋ ಒಂದು" ಯಾವುದು?

ಒಲೆಯ ಮೇಲೆ ಅಣಬೆಯ ನೀರು, ಸಕ್ಕರೆ, ಸೋಯಾ ಸಾಸ್ ಕುದಿಯುತ್ತಿದ್ದವು. ಮಿಚಿಕೋ ಮೇಲಿನ ಕಪಾಟಿನಿಂದ ಒಂದು ನೀಳ ಶೀಸೆ ತೆಗೆದು, ಹೊಂಬಣ್ಣದ ದ್ರವವನ್ನು ಧಾರಾಳವಾಗಿ ಸುರಿದರು. ಘಮ್ಮೆಂದು ಆವಿ ಎದ್ದಿತು.

"ಹಾಂ!" ಸುಮಿತ್ರಾ ಕಣ್ಣು ಮುಚ್ಚಿ ಉಸಿರೆಳೆದಳು. "ಇದ ನೋಡ್ರಿ! ಇದ ಅದು! ಏನ್ರೀ ಇದು, ಕೇಳ್ರಿ ಅವರನ್ನ."

ಕೇಳಿದೆ.

"ಸ್ವೀಟ್," ಎಂದರು ಮಿಚಿಕೋ. "ಫ್ರಮ್ ರೈಸ್."

"ಅಕ್ಕೀದಂತ," ಸುಮಿತ್ರಾಗೆ ಹೇಳಿದೆ.

"ನೋಡ್ರಿ ಮತ್ತ! ಅಕ್ಕೀ ದೇವರಿಗೆ ಅಕ್ಕೀದ. ಹೆಂಗ ಮಾಡ್ತಾರಂತ?"

"ವೇಟ್," ಎಂದರು ಮಿಚಿಕೋ, ಶೀಸೆಯ ಬಿರಡೆ ಬಿಗಿಯುತ್ತ. "ರೈಸ್ ವೇಟ್. ಲಾಂಗ್, ಲಾಂಗ್ ಟೈಮ್." ಬಾಗಿಲಲ್ಲಿ ಪೇಪರ್ ಹಿಡಿದು ನಿಂತಿದ್ದ ಅವರ ಯಜಮಾನರು ನನ್ನನ್ನು ನೋಡಿ, ಒಂದು ಪುಟ್ಟ ಬಟ್ಟಲನ್ನು ಎತ್ತಿ ಕುಡಿಯುವ ಅಭಿನಯ ಮಾಡಿ, ಕಣ್ಣು ಮಿಟುಕಿಸಿದರು.

ಅಕ್ಕಿಯನ್ನು ಬಹುಕಾಲ ಹುಳಿಯಲು ಬಿಟ್ಟರೆ ಏನಾಗುತ್ತದೆಂಬುದು ನನಗೆ ತಿಳಿಯದ ವಿಷಯವಲ್ಲ. ಶೀಸೆ ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು. ಲೇಬಲ್ಲಿನ ತಳದಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರಗಳ ಒಂದು ಸಾಲು. ಸಾಲಿನ ಕೊನೆಗೆ ಶೇಕಡಾ ಚಿಹ್ನೆಯಂಥದ್ದೇನೋ. ಕನ್ನಡಕ ಹಣೆಯ ಮೇಲಿತ್ತು.

ತೆಗೆದೆ. ಮಡಚಿದೆ. ಪೆಟ್ಟಿಗೆಯಲ್ಲಿಟ್ಟು ಜೇಬಿಗೆ ಹಾಕಿಕೊಂಡೆ.

ಶುಕ್ರವಾರ ಲಕ್ಷ್ಮಿಯ ಮುಂದೆ ಹೂರಣದ ಹೋಳಿಗೆಯ ಪಕ್ಕದಲ್ಲಿ ಜಪಾನಿ ಚೀಲಗಳು ಮೆರೆದವು. ಹಣೆಯ ತುಂಬ ಕುಂಕುಮವಿಟ್ಟುಕೊಂಡ ಮಿಚಿಕೋಬಾಯಿ ಉಡಿಯಲ್ಲಿ ತೆಂಗಿನಕಾಯಿ ಹಿಡಿದು ಕುಳಿತಿದ್ದರು. ಗೆಳತಿಯರು ಒಂದರ ಮೇಲೊಂದು ತಿಂದರು. ಒನೆಹುಂಗಾದ ಒಬ್ಬರಂತೂ ನಾಲ್ಕನೆಯದನ್ನು ಮುಗಿಸಿ, "ಏನೋ ಬಾಯಾರ, ತಲೀನ ಹಗುರಾದಂಗ ಆತು ನೋಡ್ರಿ!" ಎಂದರು. ಅಂದು ನಮ್ಮ ಮನೆಯಲ್ಲಿ ನಡೆದಷ್ಟು ನಗು, ಹಾಡು ಯಾವ ಶ್ರಾವಣದಲ್ಲೂ ನಡೆದಿರಲಿಲ್ಲ. ಸುಮಿತ್ರಾ ಮುಂದಿನ ಶುಕ್ರವಾರಕ್ಕೂ ಇನಾರಿ ಹೇಳಿಬಿಟ್ಟಿದ್ದಾಳೆ. (ಆಕೆ ಈ ಅಂಕಣ ಓದುವುದಿಲ್ಲ. "ಮನ್ಯಾಗ ಕೇಳೂದ ಸಾಕಾಗೇದ" ಎನ್ನುತ್ತಾಳೆ. ಓದುವ ಗೆಳತಿಯರಿದ್ದರೆ, ದಯವಿಟ್ಟು, ನಮ್ಮ ನಿಮ್ಮಲ್ಲೇ ಇರಲಿ.)

ಆ ಲೇಬಲ್ಲಿನಲ್ಲಿ ಏನು ಬರೆದಿತ್ತು ಎಂದು ಕೇಳುತ್ತೀರಾ? ಸ್ವಾಮಿ, ನಾನು ನಿವೃತ್ತ ಸಂಶೋಧಕ.